ಓದುಗರ ಪ್ರಶ್ನೆ: ಭೂಮಿಯ ಎಳೆತ ಎಲ್ಲ ಕಡೆ ಒಂದೇನಾ? ಮನೆಯಲ್ಲೇ ಅಳೆಯಬಹುದಾ?

ಹೋದ ಸಲ ಯಾವುದೋ ಉತ್ತರದ ನಡುವೆ "ಪಾಠಪುಸ್ತಕದ 9.8 ಅನ್ನೋದು ಒಂದು ಅಂದಾಜು, ಭೂಮಿಯ ಎಳೆತ ಜಾಗದಿಂದ ಜಾಗಕ್ಕೆ ಸ್ವಲ್ಪ ಬದಲಾಗುತ್ತದೆ" ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಮೂಲ ಉತ್ತರಕ್ಕಿಂತ ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಕೆಲವರು ನಂಬಿಲ್ಲ. ಕೆಲವರು ಆಗಲೇ ದಾರಕ್ಕೆ ಕಲ್ಲು ಕಟ್ಟಿ ತೂಗಿಸಿ ಲೆಕ್ಕ ಕಳಿಸಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಿಜವಾಗಿ ಎಷ್ಟು ಬದಲಾಗುತ್ತದೆ? ಯಾಕೆ ಬದಲಾಗಬೇಕು?

ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಮೀಟರ್ ಹೆಚ್ಚುತ್ತದೆ ಅನ್ನೋದೇ 'ಜಿ'. ಸಮುದ್ರಮಟ್ಟದಲ್ಲಿ ಇದು ಸಮಭಾಜಕದ ಮೇಲೆ 9.780, ಧ್ರುವದಲ್ಲಿ 9.832. ವ್ಯತ್ಯಾಸ 0.052. ಶೇಕಡಾ ಲೆಕ್ಕದಲ್ಲಿ ಅರ್ಧಕ್ಕಿಂತ ಒಂದು ಚೂರು ಜಾಸ್ತಿ, ಅಷ್ಟೇ. ಈ "ಅರ್ಧ ಶೇಕಡಾ" ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಉತ್ತರಗಳಲ್ಲೂ ನಮ್ಮನ್ನು ಕಾಡುವುದು ಅದೇ.

ಕಾರಣ ಎರಡು. ಭೂಮಿ ತಿರುಗುತ್ತಿದೆ, ಸಮಭಾಜಕದಲ್ಲಿ ನಿಂತವರು ದಿನಕ್ಕೆ ಸುಮಾರು 40,000 ಕಿಲೋಮೀಟರ್ ಸುತ್ತು ಹೊಡೆಯುತ್ತಾರೆ, ಆ ಸುತ್ತಾಟಕ್ಕೆ ಎಳೆತದ ಸ್ವಲ್ಪ ಭಾಗ ಖರ್ಚಾಗುತ್ತದೆ. ಅದು 0.034. ಉಳಿದ 0.018 ಬರುವುದು ಭೂಮಿಯ ಆಕಾರದಿಂದ. ಭೂಮಿ ನಡುವಿನಲ್ಲಿ ಉಬ್ಬಿದೆ, ತಲೆ-ಬುಡದಲ್ಲಿ ಚಪ್ಪಟೆಯಾಗಿದೆ. ಸಮಭಾಜಕದಲ್ಲಿರುವವರು ಭೂಮಿಯ ಕೇಂದ್ರದಿಂದ 6,378 ಕಿಲೋಮೀಟರ್ ದೂರ, ಧ್ರುವದಲ್ಲಿರುವವರು 6,357. ಇಪ್ಪತ್ತೊಂದು ಕಿಲೋಮೀಟರ್ ಹತ್ತಿರ ಇದ್ದರೆ ಎಳೆತ ಜಾಸ್ತಿ ಇರಲೇಬೇಕಲ್ವಾ. (ಉಬ್ಬಿನಲ್ಲಿರುವ ಹೆಚ್ಚುವರಿ ಮಣ್ಣು-ಕಲ್ಲು ಇದರಲ್ಲಿ ಒಂದಷ್ಟನ್ನು ವಾಪಸ್ ಕೊಡುತ್ತದೆ, ಆ ಲೆಕ್ಕ ಸೇರಿಸಿಯೇ 0.018.)

ಇದನ್ನು ಮೊದಲು ಗಮನಿಸಿದ್ದು ಒಂದು ಗಡಿಯಾರ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ ರಿಶೇ ಗ್ರಹಗಳನ್ನು ನೋಡಲು ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದರು, ಸಮಭಾಜಕದಿಂದ ಐದೇ ಡಿಗ್ರಿ ದೂರ. ಪ್ಯಾರಿಸ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿ ಮಾಡಲು ಲೋಲಕವನ್ನು ಮೂರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಮೊಟಕು ಮಾಡಬೇಕಾಯಿತು. ಕೆಲವರು ಏನಂದರು ಗೊತ್ತಾ? ಅಲ್ಲಿ ಸೆಕೆ, ಲೋಹದ ಸರಳು ಹಿಗ್ಗಿರಬೇಕು, ಅಷ್ಟೇ. ಈ ಅನುಮಾನ ಮೂರ್ಖತನದ್ದಲ್ಲ. ಕೊನೆಯ ಪತ್ರಕ್ಕೆ ಬಂದಾಗ ಇದೇ ಅನುಮಾನ ಮತ್ತೆ ತಲೆ ಎತ್ತುತ್ತದೆ. ಆದರೆ ಆಗ ನ್ಯೂಟನ್ ಈ ಅಳತೆಯನ್ನು ಗಂಭೀರವಾಗಿ ತಗೊಂಡು, 1687ರ ತಮ್ಮ ಪುಸ್ತಕದಲ್ಲಿ ಭೂಮಿ ನಡುವೆ ಉಬ್ಬಿರಲೇಬೇಕು ಎಂದು ವಾದಿಸಿದರು.

ಸುಮ್ನೆ ಒಂದು ಅಡ್ಡ ಮಾತು. ಅತ್ತ ಒಂದು ಸೆಕೆಂಡು, ಇತ್ತ ಒಂದು ಸೆಕೆಂಡು ತಗೊಳ್ಳುವ ಲೋಲಕದ ಉದ್ದ 99.4 ಸೆಂಟಿಮೀಟರ್. ಇದನ್ನೇ ಒಂದು ಮೀಟರ್ ಅಂತ ಇಟ್ಟುಕೊಂಡುಬಿಡೋಣ ಎಂಬ ಮಾತು ಫ್ರಾನ್ಸ್‌ನಲ್ಲಿ ಜೋರಾಗಿಯೇ ಇತ್ತು. 1791ರಲ್ಲಿ ಅದನ್ನು ಬಿಟ್ಟು ಭೂಮಿಯ ಸುತ್ತಳತೆಯಿಂದ ಮೀಟರ್ ತೆಗೆದರು. ಲೋಲಕದ ಉದ್ದ ಊರಿಂದ ಊರಿಗೆ ಬೇರೆ ಆಗುತ್ತದೆ ಅನ್ನೋದು ಅದರ ವಿರುದ್ಧ ಇದ್ದ ದೊಡ್ಡ ಆಕ್ಷೇಪ.

ಪ್ರಶ್ನೆ: ಹಾಗಾದರೆ ಜಾಗ ಬದಲಾದಂತೆ ನನ್ನ ತೂಕವೂ ಬದಲಾಗಬೇಕಲ್ಲ? ತಕ್ಕಡಿಯಲ್ಲೇ ನೋಡಬಹುದಾ?

ಯಾವ ತಕ್ಕಡಿ ಅನ್ನೋದರ ಮೇಲೆ ನಿಂತಿದೆ. ಎರಡು ತಟ್ಟೆಯ ತಕ್ಕಡಿ ಏನನ್ನೂ ತೋರಿಸಲ್ಲ. ಒಂದು ತಟ್ಟೆಯಲ್ಲಿರುವ ವಸ್ತು ಎಷ್ಟು ಹಗುರಾಗುತ್ತದೋ ಇನ್ನೊಂದು ತಟ್ಟೆಯ ಬಟ್ಟೂ ಅಷ್ಟೇ ಹಗುರಾಗುತ್ತದೆ. ಅದನ್ನು ಚಂದ್ರನ ಮೇಲಿಟ್ಟರೂ ಇದೇ ಕತೆ.

ಸ್ಪ್ರಿಂಗ್ ತಕ್ಕಡಿ ಮತ್ತು ಎಲೆಕ್ಟ್ರಾನಿಕ್ ತಕ್ಕಡಿ ಬೇರೆ ಜಾತಿ. ಅವು ಅಳೆಯುವುದು ವಸ್ತು ಎಷ್ಟು ಬಲವಾಗಿ ಎಳೆಯುತ್ತದೆ ಅಥವಾ ಒತ್ತುತ್ತದೆ ಅನ್ನೋದನ್ನು. ಸಮಭಾಜಕದಲ್ಲಿ 60 ಕಿಲೋ ತೋರಿಸುವ ಮನುಷ್ಯ ಅದೇ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹೊತ್ತುಕೊಂಡು ಧ್ರುವಕ್ಕೆ ಹೋಗಿ ನಿಂತರೆ 60 ಕಿಲೋ ಮೇಲೆ ಇನ್ನೂ 300 ಗ್ರಾಂಗಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಆದರೆ ಒಂದು ಲೋಟ ನೀರು ಕುಡಿದರೂ ಅಷ್ಟು ತೂಕ ಹೆಚ್ಚುತ್ತದೆ, ಹಾಗಾಗಿ ನಿಮ್ಮನ್ನೇ ತೂಗಿಕೊಂಡು ಪ್ರಯೋಜನವಿಲ್ಲ. ಕುಡಿಯದ, ಬೆವರದ ವಸ್ತು ಬೇಕು. ಒಂದು ಉಕ್ಕಿನ ತುಂಡು.

ನನ್ನನ್ನು ಕೇಳಿದರೆ ಮನೆಯಲ್ಲಿ ಮಾಡಲು ಅತಿ ಸುಲಭದ ಪ್ರಯೋಗ ಇದೇ, ಆದರೂ ಯಾಕೋ ಇದನ್ನು ಯಾರೂ ಮಾಡಲ್ಲ, ಎಲ್ಲರೂ ನೇರ ಲೋಲಕಕ್ಕೆ ಹಾರುತ್ತಾರೆ. ಅಂಗೈ ಅಗಲದ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಬರುತ್ತದಲ್ಲ, 200 ಗ್ರಾಂವರೆಗೆ ತೂಗುವಂಥದ್ದು, 0.01 ಗ್ರಾಂ ವರೆಗೆ ತೋರಿಸುವಂಥದ್ದು. 200 ಗ್ರಾಂನಲ್ಲಿ 0.01 ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು. ನಮಗೆ ಬೇಕಾದ ವ್ಯತ್ಯಾಸ ಇದಕ್ಕಿಂತ ಎಷ್ಟೋ ದೊಡ್ಡದು. 13 ಡಿಗ್ರಿ ಅಕ್ಷಾಂಶದ ಊರಿನಿಂದ 30 ಡಿಗ್ರಿ ಅಕ್ಷಾಂಶದ ಊರಿಗೆ ಹೋದರೆ 'ಜಿ' ಶೇಕಡಾ 0.1ರಷ್ಟು ಹೆಚ್ಚುತ್ತದೆ. 200 ಗ್ರಾಂ ಮೇಲೆ ಅದು 0.2 ಗ್ರಾಂ. ಅಂದರೆ ಕೊನೆಯ ಅಂಕಿ ಇಪ್ಪತ್ತು ಮೆಟ್ಟಿಲು ಏರುತ್ತದೆ. ಕಣ್ಣಿಗೆ ಕಾಣುವಂಥ ಏರಿಕೆ.

ಒಂದೇ ಒಂದು ಎಚ್ಚರ, ಅದನ್ನು ಮರೆತರೆ ಎಲ್ಲ ಹೋಯಿತು: ಹೊಸ ಜಾಗಕ್ಕೆ ಹೋದಮೇಲೆ ತಕ್ಕಡಿಯ ಕ್ಯಾಲಿಬ್ರೇಶನ್ ಗುಂಡಿ ಒತ್ತಬೇಡಿ. ಒತ್ತಿದರೆ ತಕ್ಕಡಿ ಆ ಜಾಗದ ಎಳೆತಕ್ಕೆ ತನ್ನನ್ನು ಹೊಂದಿಸಿಕೊಂಡು, ನೀವು ಹುಡುಕುತ್ತಿದ್ದ ವ್ಯತ್ಯಾಸವನ್ನೇ ಅಳಿಸಿ ಹಾಕುತ್ತದೆ. ಲ್ಯಾಬಿನ ಸೂಕ್ಷ್ಮ ತಕ್ಕಡಿಗಳಿಗೆ "ಜಾಗ ಬದಲಿಸಿದರೆ ಮತ್ತೆ ಕ್ಯಾಲಿಬ್ರೇಟ್ ಮಾಡಿ" ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ಸೊನ್ನೆಗೆ ತರುವ ಗುಂಡಿ ಒತ್ತಬಹುದು, ಅದರಿಂದ ತೊಂದರೆ ಇಲ್ಲ.

ಇನ್ನೊಂದು, ಸೆಕೆ-ಚಳಿಗೆ ಈ ಸಣ್ಣ ತಕ್ಕಡಿಗಳ ಅಂಕಿ ಅಲ್ಲಾಡುತ್ತದೆ. ಅದಕ್ಕೆ ಹೊರಡುವ ಮೊದಲು ಮನೆಯಲ್ಲೇ ಒಂದು ವಾರ, ಬೆಳಗಿನ ತಂಪಿನಲ್ಲಿ ಒಮ್ಮೆ ಮಧ್ಯಾಹ್ನದ ಬಿಸಿಲು ಹೊತ್ತಿನಲ್ಲಿ ಒಮ್ಮೆ, ಅದೇ ಉಕ್ಕಿನ ತುಂಡನ್ನು ತೂಗಿ ಬರೆದಿಡಿ. ಜಾಗ ಬದಲಿಸದೇನೇ ಅಂಕಿ ಎಷ್ಟು ಓಡಾಡುತ್ತದೆ ಅಂತ ಗೊತ್ತಾಗುತ್ತದೆ. ಅದು 0.05 ಗ್ರಾಂ ಒಳಗಿದ್ದರೆ ನಿಮ್ಮ ತಕ್ಕಡಿ ಪ್ರಯಾಣಕ್ಕೆ ಸಿದ್ಧ. ಉಕ್ಕಿನ ತುಂಡನ್ನು ಒಣಬಟ್ಟೆಯಲ್ಲಿ ಹಿಡಿಯಿರಿ, ಡಬ್ಬಿಯಲ್ಲಿಡಿ, ತುಕ್ಕು ಹಿಡಿಯದಂತೆ ನೋಡಿಕೊಳ್ಳಿ.

2012ರಲ್ಲಿ ಜರ್ಮನಿಯ ಒಂದು ತಕ್ಕಡಿ ಕಂಪನಿ ತೋಟದಲ್ಲಿಡುವ ಗಡ್ಡದ ಗೊಂಬೆಯೊಂದನ್ನು ತಕ್ಕಡಿ ಸಮೇತ ಪೆಟ್ಟಿಗೆಯಲ್ಲಿಟ್ಟು ಪ್ರಪಂಚ ಸುತ್ತಿಸಿತ್ತು. ಜಾಹೀರಾತಿನ ಗಿಮಿಕ್ಕೇ ಅನ್ನಿ. ಆದರೂ ಪ್ರಯೋಗ ಸರಿಯಾಗಿತ್ತು, ಗೊಂಬೆ ದಕ್ಷಿಣ ಧ್ರುವದಲ್ಲಿ ಹೆಚ್ಚು ತೂಗಿತು.

ಪ್ರಶ್ನೆ: 60 ಸೆಂ.ಮೀ. ದಾರಕ್ಕೆ ಗುಂಡು ಕಟ್ಟಿ ಲೋಲಕ ಮಾಡಿ ಅಳೆದೆ. 'ಜಿ' 9.74 ಬಂತು. ನಮ್ಮೂರಲ್ಲಿ ಎಳೆತ ಕಡಿಮೆಯೇ?

ಇಲ್ಲ ಸ್ವಾಮಿ, ನಿಮ್ಮ ದಾರ ಉದ್ದವಾಗಿದೆ.

ಹೇಗೆ ಇಷ್ಟು ಧೈರ್ಯವಾಗಿ ಹೇಳ್ತೀನಿ ಅಂದರೆ, ಭೂಮಿಯ ಮೇಲೆ 'ಜಿ' ಅತಿ ಕಡಿಮೆ ಇರುವ ಜಾಗ ಅಂತ ಲೆಕ್ಕ ಹಾಕಿರುವುದು ಪೆರು ದೇಶದ ಹುವಾಸ್ಕರಾನ್ ಬೆಟ್ಟದ ತುದಿ. ಅಲ್ಲೇ 9.764. ನೀವು ಅದಕ್ಕಿಂತ ಕೆಳಗಿದ್ದೀರಿ. ಹಾಗಾಗಿ ತಪ್ಪು ಅಳತೆಯಲ್ಲಿದೆ. ನಿಮ್ಮ ಪತ್ರದಲ್ಲೇ ಸುಳಿವೂ ಇದೆ: ದಾರವನ್ನು ಮೇಜಿನ ಮೇಲೆ ಹಾಸಿ ಅಳೆದು, ಆಮೇಲೆ ಗುಂಡು ಕಟ್ಟಿದೆ ಎಂದು ಬರೆದಿದ್ದೀರಿ. ಗುಂಡಿನ ಭಾರಕ್ಕೆ ದಾರ ಎಳೆದುಕೊಂಡಿದೆ. 60 ಸೆಂಟಿಮೀಟರಿನಲ್ಲಿ ಎರಡೂವರೆ ಮಿಲಿಮೀಟರ್ ಹಿಗ್ಗಿದರೆ ಸಾಕು, 9.78 ಇದ್ದದ್ದು 9.74 ಆಗಿ ಕಾಣುತ್ತದೆ. ನೈಲಾನ್ ದಾರವಾದರಂತೂ ಹಿಗ್ಗುತ್ತಲೇ ಹೋಗುತ್ತದೆ. ಹತ್ತಿಯ ದಾರ ಗಾಳಿಯ ತೇವಕ್ಕೆ ಕುಗ್ಗಿ-ಹಿಗ್ಗಿ ಮಾಡುತ್ತದೆ.

ಲೋಲಕದ ಗುಟ್ಟು ಒಂದೇ ಸೂತ್ರದಲ್ಲಿದೆ. ಉದ್ದವನ್ನು 'ಜಿ'ಯಿಂದ ಭಾಗಿಸಿ, ವರ್ಗಮೂಲ ತೆಗೆದು, 6.283ರಿಂದ ಗುಣಿಸಿದರೆ ಒಂದು ತೂಗಾಟಕ್ಕೆ ಹಿಡಿಯುವ ಸೆಕೆಂಡು. (ಒಂದು ತೂಗಾಟ ಅಂದರೆ ಹೋಗಿ ವಾಪಸ್ ಬರೋದು, ಎರಡೂ ಸೇರಿ.) ಒಂದು ಮೀಟರ್ ಲೋಲಕಕ್ಕೆ ಎರಡು ಸೆಕೆಂಡಿಗೆ ಒಂದು ಚೂರು ಮೇಲೆ. ಗುಂಡು ಎಷ್ಟು ಭಾರ ಅನ್ನೋದು ಲೆಕ್ಕಕ್ಕೇ ಬರಲ್ಲ, ಅದೇ ಇದರ ಸೊಗಸು.

ಆದರೆ ಉದ್ದ ಬರುತ್ತದೆ. ಒಂದು ಮೀಟರಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 'ಜಿ' ಶೇಕಡಾ 0.1 ತಪ್ಪುತ್ತದೆ. ಆಗಲೇ ಹೇಳಿದೆನಲ್ಲ, 13 ಡಿಗ್ರಿಯಿಂದ 30 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಆಗುವ ವ್ಯತ್ಯಾಸವೂ ಅಷ್ಟೇ! ಅಂದರೆ ಟೇಪು ಹಿಡಿಯುವಾಗ ಕೈ ಒಂದು ಗೀಟು ಜಾರಿದರೆ ನೀವು ಕಾಗದದ ಮೇಲೆ ಎರಡು ಸಾವಿರ ಕಿಲೋಮೀಟರ್ ಜಾರಿದ ಹಾಗೆ.

ಗುಂಡಿನ ನಡುಬಿಂದು ಎಲ್ಲಿದೆ ಎಂದು ಅಳೆಯುವುದೂ ತಲೆನೋವೇ. ಅದಕ್ಕೊಂದು ಉಪಾಯ ಇದೆ. ಎರಡು ಉದ್ದಗಳಲ್ಲಿ ಪ್ರಯೋಗ ಮಾಡಿ, ಗುಂಡು-ಕೊಕ್ಕೆ ಏನನ್ನೂ ಬದಲಿಸದೆ ಮೇಲಿನ ಹಿಡಿಯನ್ನು ಮಾತ್ರ ಸರಿಸಿ. ಎರಡು ಉದ್ದಗಳ ವ್ಯತ್ಯಾಸವನ್ನು 39.48ರಿಂದ ಗುಣಿಸಿ, ಎರಡು ತೂಗಾಟದ ಕಾಲಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಿ. ಗುಂಡಿನ ಒಳಗಿನ ಗೊತ್ತಿಲ್ಲದ ಉದ್ದ ತಾನಾಗಿಯೇ ಕಳೆದುಹೋಗುತ್ತದೆ. ಎರಡು ಉದ್ದಗಳ ನಡುವೆ ಅಂತರ ದೊಡ್ಡದಿರಲಿ, ಒಂದು ಮೀಟರ್ ಮತ್ತು ನಲವತ್ತು ಸೆಂಟಿಮೀಟರ್ ಥರ.

ಇನ್ನು ಎಷ್ಟು ಅಗಲವಾಗಿ ತೂಗಿಸಿದಿರಿ ಎಂದು ನೀವು ಬರೆದಿಲ್ಲ. ಶಾಲೆಯಲ್ಲಿ "ತೂಗಾಟ ಅಗಲವಾಗಲಿ ಸಣ್ಣದಾಗಲಿ ಕಾಲ ಒಂದೇ" ಎಂದು ಕಲಿಸಿರುತ್ತಾರೆ. ಅದು ಪೂರ್ತಿ ನಿಜ ಅಲ್ಲ. ನೆಟ್ಟಗಿನ ಗೆರೆಯಿಂದ 10 ಡಿಗ್ರಿ ಎಳೆದು ಬಿಟ್ಟರೆ ಕಾಲ ಶೇಕಡಾ 0.19 ಹೆಚ್ಚುತ್ತದೆ, ಇದು 'ಜಿ' ಲೆಕ್ಕದಲ್ಲಿ ಶೇಕಡಾ 0.38. ಧ್ರುವ-ಸಮಭಾಜಕಗಳ ವ್ಯತ್ಯಾಸದಲ್ಲಿ ಮುಕ್ಕಾಲು ಭಾಗ ನುಂಗಿ ಹಾಕಿತು! 3 ಡಿಗ್ರಿಗೆ ಇಳಿಸಿದರೆ 'ಜಿ'ಯ ತಪ್ಪು ಶೇಕಡಾ 0.03ಕ್ಕೆ ಇಳಿಯುತ್ತದೆ. ಒಂದು ಮೀಟರ್ ಲೋಲಕಕ್ಕೆ 3 ಡಿಗ್ರಿ ಅಂದರೆ ಪಕ್ಕಕ್ಕೆ ಐದು ಸೆಂಟಿಮೀಟರ್. ಅಷ್ಟೇ ಎಳೆಯಿರಿ. ನೋಡೋಕೆ ಮಜಾ ಇರಲ್ಲ, ಆದರೆ ಲೆಕ್ಕ ಬರುತ್ತದೆ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ, ನಿಮಗೆ ಸಮಾಧಾನವಾಗಲಿ. ಮೊದಲ ಸಲ ನಾನು ಅಳೆದಾಗ 9.98 ಬಂತು. ಉದ್ದ ಮೂರು ಸಲ ಅಳೆದೆ, ಸರಿ ಇತ್ತು. ದಾರ ಬದಲಿಸಿದೆ. ಮತ್ತೆ 9.98. ಎರಡು ದಿನ ಆದಮೇಲೆ ಹೊಳೆಯಿತು: ಸ್ಟಾಪ್‌ವಾಚ್ ಒತ್ತುವಾಗಲೇ "ಒಂದು" ಎಂದು ಎಣಿಸಲು ಶುರು ಮಾಡುತ್ತಿದ್ದೆ. "ನೂರು" ಅನ್ನುವಾಗ ಆಗಿದ್ದು ತೊಂಬತ್ತೊಂಬತ್ತೇ ತೂಗಾಟ. ಶುರುವಿಗೆ "ಸೊನ್ನೆ" ಅನ್ನಬೇಕು.

ಪ್ರಶ್ನೆ: ಫೋನಿನ ಆ್ಯಪ್‌ನಲ್ಲಿ 'ಜಿ' ನೇರವಾಗಿ ತೋರಿಸುತ್ತದಲ್ಲ, ಲೋಲಕದ ರಗಳೆ ಯಾಕೆ?

ತೋರಿಸುತ್ತದೆ, ನಂಬಬೇಡಿ. ಒಂದೇ ಮೇಜಿನ ಮೇಲೆ ಎರಡು ಫೋನ್ ಇಟ್ಟು ನೋಡಿ. ಒಂದು 9.75 ಅನ್ನುತ್ತದೆ, ಇನ್ನೊಂದು 9.86 ಅನ್ನಬಹುದು. ಒಳಗಿರುವ ಚಿಪ್ಪು ಪರದೆ ತಿರುಗಿಸಲು, ಹೆಜ್ಜೆ ಎಣಿಸಲು ಮಾಡಿದ್ದು. ಅದರಲ್ಲಿ 0.1ರಷ್ಟು ತಪ್ಪು ತೀರಾ ಸಾಮಾನ್ಯ, ನಮಗೆ ಬೇಕಾದ ಪೂರ್ತಿ ವ್ಯತ್ಯಾಸವೇ 0.05. ಫೋನನ್ನು ಮಗುಚಿ ಹಾಕಿ ಇನ್ನೊಮ್ಮೆ ಓದಿ, ಎರಡರ ಸರಾಸರಿ ತೆಗೆದರೆ ಒಂದು ಬಗೆಯ ತಪ್ಪು ಹೋಗುತ್ತದೆ, ಇನ್ನೊಂದು ಬಗೆಯದು ಉಳಿಯುತ್ತದೆ.

ಫೋನಿನಲ್ಲಿ ನಿಜಕ್ಕೂ ಚೆನ್ನಾಗಿರುವುದು ಅದರ ಗಡಿಯಾರ ಮತ್ತು ಕ್ಯಾಮೆರಾ. ಲೋಲಕದ ಹಿಂದೆ ಗೋಡೆಗೆ ಒಂದು ನೆಟ್ಟಗಿನ ಗೆರೆ ಎಳೆದು, ಫೋನನ್ನು ಎದುರಿಗೆ ಅಲ್ಲಾಡದಂತೆ ಇಟ್ಟು ಪೂರ್ತಿ ವಿಡಿಯೋ ಮಾಡಿ. ಸೆಕೆಂಡಿಗೆ 60 ಚಿತ್ರ ತೆಗೆಯುವ ವಿಡಿಯೋದಲ್ಲಿ ಗುಂಡು ಗೆರೆ ದಾಟಿದ ಕ್ಷಣ 0.02 ಸೆಕೆಂಡಿನ ಒಳಗೆ ಸಿಗುತ್ತದೆ. ಬೆರಳಿನಲ್ಲಿ ಸ್ಟಾಪ್‌ವಾಚ್ ಒತ್ತಿದರೆ 0.1, 0.2 ಸೆಕೆಂಡ್ ಹೋಗುತ್ತದೆ. ಐದರಿಂದ ಹತ್ತು ಪಟ್ಟು ಲಾಭ. ಗುಂಡು ನಡುಗೆರೆ ದಾಟುವಾಗ ನೋಡಿ, ತುದಿಯಲ್ಲಿ ಅಲ್ಲ. ತುದಿಯಲ್ಲಿ ಅದು ನಿಂತೇ ಇರುತ್ತದೆ, ಯಾವಾಗ ತಿರುಗಿತು ಅಂತ ಹೇಳೋಕಾಗಲ್ಲ.

ಕೆಲವರು ವಸ್ತುವನ್ನು ಬೀಳಿಸಿ ಅಳೆಯಬಹುದಾ ಎಂದು ಕೇಳಿದ್ದಾರೆ. ಒಂದು ಮೀಟರ್ ಬೀಳಲು 0.45 ಸೆಕೆಂಡ್. ಅದರಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗ ತಪ್ಪಿದರೂ 'ಜಿ' ಶೇಕಡಾ 0.44 ತಪ್ಪುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನ, ಈ ಕೆಲಸಕ್ಕೆ ಆಗಲ್ಲ.

ಪ್ರಶ್ನೆ: ನೆಲಮಹಡಿಗೂ ಹತ್ತನೇ ಮಹಡಿಗೂ ವ್ಯತ್ಯಾಸ ಕಾಣುತ್ತಾ?

ಮೂವತ್ತು ಮೀಟರ್ ಏರಿದರೆ 'ಜಿ' ಒಂದು ಲಕ್ಷದಲ್ಲಿ ಒಂದು ಭಾಗ ಇಳಿಯುತ್ತದೆ. ಲೋಲಕದ ಗಡಿಯಾರ ದಿನಕ್ಕೆ 0.4 ಸೆಕೆಂಡ್ ಹಿಂದೆ ಬೀಳುತ್ತದೆ. ಮನೆಯ ಸಾಮಾನಿನಿಂದ ಆಗಲ್ಲ. ಭೂಗರ್ಭ ತಜ್ಞರ ಗ್ರಾವಿಮೀಟರುಗಳು (ಎಳೆತ ಅಳೆಯುವ ಸೂಕ್ಷ್ಮ ಯಂತ್ರಗಳು) ಮಾತ್ರ ಒಂದೊಂದು ಮಹಡಿಯನ್ನೂ ಸಲೀಸಾಗಿ ಗುರುತಿಸುತ್ತವೆ, ಚಂದ್ರ-ಸೂರ್ಯರು ಮೇಲೆ ಕೆಳಗೆ ಹೋದಂತೆ ಆಗುವ ಒಂದು ಕೋಟಿಯಲ್ಲಿ ಒಂದೆರಡು ಭಾಗದ ಬದಲಾವಣೆಯನ್ನೂ ಹಿಡಿಯುತ್ತವೆ.

ಪ್ರಶ್ನೆ: ದೊಡ್ಡ ಬೆಟ್ಟದ ಮೇಲೆ ಎಳೆತ ಜಾಸ್ತಿ ಇರಬೇಕಲ್ವಾ, ಕೆಳಗೆ ಅಷ್ಟೊಂದು ಕಲ್ಲು ಇದೆಯಲ್ಲ?

ಒಳ್ಳೇ ಪ್ರಶ್ನೆ, ಯಾಕೆಂದರೆ ಇಲ್ಲಿ ಇಬ್ಬರು ಜಗಳವಾಡುತ್ತಾರೆ. ಮೇಲೆ ಹೋದಂತೆ ಭೂಮಿಯ ಕೇಂದ್ರದಿಂದ ದೂರ ಆಗುತ್ತೀರಿ, ಎಳೆತ ಇಳಿಯುತ್ತದೆ. ಕಾಲ ಕೆಳಗಿನ ಕಲ್ಲು ಎಳೆಯುತ್ತದೆ, ಎಳೆತ ಏರುತ್ತದೆ. ಗೆಲ್ಲುವುದು ದೂರವೇ. ಸಾವಿರ ಮೀಟರ್ ಏರಿದಾಗ ಬರೀ ಗಾಳಿಯಲ್ಲಿ ತೇಲುತ್ತಿದ್ದರೆ 'ಜಿ' 0.0031 ಇಳಿಯುತ್ತಿತ್ತು. ಕೆಳಗೆ ಅಗಲವಾದ ಕಲ್ಲಿನ ಪ್ರಸ್ಥಭೂಮಿ ಇದ್ದರೆ ಅದರಲ್ಲಿ ಮೂರನೇ ಒಂದು ಭಾಗ ವಾಪಸ್ ಸಿಗುತ್ತದೆ, ಇಳಿಕೆ 0.002 ಆಗುತ್ತದೆ.

ಬೆಟ್ಟ ಪಕ್ಕಕ್ಕೂ ಎಳೆಯುತ್ತದೆ. 1774ರಲ್ಲಿ ಬ್ರಿಟನ್ನಿನ ಖಗೋಳಜ್ಞ ಮಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಎರಡೂ ಬದಿಯಲ್ಲಿ ತೂಕದ ಗುಂಡು ಇಳಿಬಿಟ್ಟು, ನಕ್ಷತ್ರಗಳಿಗೆ ಹೋಲಿಸಿ ನೋಡಿದರು. ಗುಂಡು ಬೆಟ್ಟದ ಕಡೆ ವಾಲಿತ್ತು. ಎರಡೂ ಬದಿ ಸೇರಿಸಿ 11.6 ಆರ್ಕ್ ಸೆಕೆಂಡ್, ಒಂದು ಡಿಗ್ರಿಯ ಮುನ್ನೂರರಲ್ಲಿ ಒಂದು ಭಾಗದಷ್ಟು. ಅದರಿಂದ ಭೂಮಿಯ ಸಾಂದ್ರತೆಯನ್ನೇ ಲೆಕ್ಕ ಹಾಕಿದರು!

ಹಿಮಾಲಯದ ವಿಷಯ ಇನ್ನೂ ಮಜವಾಗಿದೆ. ಭಾರತದ ಭೂಮಾಪನ ಮಾಡುವಾಗ ಉತ್ತರದ ಬಯಲಿನಲ್ಲಿ ತೂಕದ ಗುಂಡು ಬೆಟ್ಟದ ಕಡೆಗೆ ಎಷ್ಟು ವಾಲಬೇಕು ಎಂದು ಕಲ್ಕತ್ತದಲ್ಲಿದ್ದ ಪಾದ್ರಿ, ಗಣಿತಜ್ಞ ಜಾನ್ ಪ್ರ್ಯಾಟ್ 1850ರ ದಶಕದಲ್ಲಿ ಲೆಕ್ಕ ಹಾಕಿದರು. ಬಂದ ಉತ್ತರ ಹದಿನಾರು ಆರ್ಕ್ ಸೆಕೆಂಡಿನ ಹತ್ತಿರ. ಅಳತೆಯಲ್ಲಿ ಸಿಕ್ಕಿದ್ದು ಐದು ಚಿಲ್ಲರೆ. ಅಷ್ಟು ದೊಡ್ಡ ಪರ್ವತ, ಎಳೆತ ಮಾತ್ರ ಇಷ್ಟೇನಾ? ಬ್ರಿಟನ್ನಿನ ಖಗೋಳಜ್ಞ ಜಾರ್ಜ್ ಏರಿ ಅದಕ್ಕೆ ಹೇಳಿದ ಕಾರಣ ಇಂದಿಗೂ ನಿಂತಿದೆ: ನೀರಿನ ಮೇಲೆ ಮರದ ದಿಮ್ಮಿ ತೇಲುವ ಹಾಗೆ ಪರ್ವತಗಳು ತೇಲುತ್ತಿವೆ, ಮೇಲಿನ ಎತ್ತರಕ್ಕಿಂತಲೂ ಎಷ್ಟೋ ಹೆಚ್ಚು ಆಳಕ್ಕೆ ಕೆಳಗೆ ಹಗುರ ಕಲ್ಲಿನ ಬೇರು ಇಳಿದಿದೆ. ಆಮೇಲೆ ಸರ್ವೆಯ ಬೇಸ್ವಿ ಎಂಬ ಅಧಿಕಾರಿ ಲೋಲಕಗಳನ್ನು ಹೊತ್ತುಕೊಂಡು ದೇಶದ ತುಂಬ ಅಳೆಯುತ್ತಾ ಹೋದರು. ಬೆಟ್ಟದ ಕೆಳಗೆ ಭಾರ ಕಡಿಮೆ ಎಂದು ಆ ಅಳತೆಗಳೂ ಹೇಳಿದವು. 1871ರಲ್ಲಿ, ಆ ಕೆಲಸದ ನಡುವೆಯೇ, ಲಡಾಖಿನ ಎತ್ತರದಲ್ಲಿ ಅವರು ತೀರಿಕೊಂಡರು. ಒಂದು ಲೋಲಕದ ತೂಗಾಟ ಎಣಿಸಲು ಅಲ್ಲಿವರೆಗೆ ಹತ್ತಿದ್ದರು.

ಪ್ರಶ್ನೆ: ಹಿಂದೂ ಮಹಾಸಾಗರದಲ್ಲಿ "ಗುರುತ್ವದ ಗುಂಡಿ" ಇದೆಯಂತೆ. ಹಡಗು ಒಳಗೆ ಜಾರುತ್ತಾ?

ಜಾರಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದ ಮೇಲ್ಮೈ, ಭೂಮಿಯ ಆದರ್ಶ ಆಕಾರಕ್ಕಿಂತ ನೂರು ಮೀಟರಿಗೂ ಸ್ವಲ್ಪ ಹೆಚ್ಚು ತಗ್ಗಿನಲ್ಲಿದೆ. ಅಲ್ಲಿ ಎಳೆತ ತುಸು ಕಡಿಮೆ, ಅದಕ್ಕೆ ನೀರು ಅಕ್ಕಪಕ್ಕಕ್ಕೆ ಸರಿದಿದೆ. ಆದರೆ ಆ ತಗ್ಗು ಸಾವಿರಾರು ಕಿಲೋಮೀಟರ್ ಅಗಲ, ಮತ್ತು ನೀರು ನಿಂತಿರುವ ಮೇಲ್ಮೈಯೇ ಅಲ್ಲಿನ "ಸಮತಟ್ಟು". ಹಡಗಿಗೆ ಇಳಿಜಾರೇ ಗೊತ್ತಾಗಲ್ಲ.

ಪ್ರಶ್ನೆ: ಕೆಲವು ರಸ್ತೆಗಳಲ್ಲಿ ಗಾಡಿ ತಾನಾಗಿ ಏರು ಹತ್ತುತ್ತದೆ, ಅಲ್ಲಿ ಎಳೆತ ಬೇರೆ ಅಂತಾರೆ?

ಕಣ್ಣಿನ ಮೋಸ. ಸುತ್ತಲಿನ ಗುಡ್ಡಗಳ ಓರೆ, ಕಾಣದ ದಿಗಂತ ಎರಡೂ ಸೇರಿ ಇಳಿಜಾರನ್ನು ಏರಿನಂತೆ ತೋರಿಸುತ್ತವೆ. ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗಾರೆ ಕೆಲಸದವರು ಮಟ್ಟ ನೋಡುತ್ತಾರಲ್ಲ, ಹಾಗೆ ಎರಡೂ ತುದಿಯನ್ನು ರಸ್ತೆಯಲ್ಲಿ ಹಿಡಿದು ನೋಡಿ. ಗಾಡಿ ಹೋಗುತ್ತಿರುವುದು ಕೆಳಕ್ಕೇ.

ಪ್ರಶ್ನೆ: ನಾನು ಹತ್ತನೇ ತರಗತಿ. ಒಂದೇ ಲೋಲಕವನ್ನು ಎರಡು ಊರಿನಲ್ಲಿ ತೂಗಿಸಿದೆ. ಮೊದಲನೆಯದು 13 ಡಿಗ್ರಿ ಅಕ್ಷಾಂಶ, 900 ಮೀಟರ್ ಎತ್ತರ. ಎರಡನೆಯದು ಅಜ್ಜಿ ಇರುವ ಊರು, 30 ಡಿಗ್ರಿ, 200 ಮೀಟರ್. 500 ತೂಗಾಟಕ್ಕೆ ಮೊದಲ ಊರಲ್ಲಿ 1004.9, 1004.7, 1004.8 ಸೆಕೆಂಡ್. ಎರಡನೆಯದರಲ್ಲಿ 1004.2, 1004.4, 1004.1. ಇದು ನಿಜವಾಗಿ ಗುರುತ್ವದ ವ್ಯತ್ಯಾಸವೇ?

ಈ ಪತ್ರವನ್ನು ಎರಡು ಸಲ ಓದಿದೆ, ಖುಷಿಯಾಗಿ. ನೀವು ಮಾಡಿದ ಒಳ್ಳೇ ಕೆಲಸ ಏನು ಗೊತ್ತಾ? 'ಜಿ' ಎಷ್ಟು ಎಂದು ಅಳೆಯಲು ಹೋಗಲೇ ಇಲ್ಲ. ಉದ್ದ ಸರಿಯಾಗಿ ಎಷ್ಟು ಅಂತ ನಿಮಗೆ ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಅದೇ ಉಕ್ಕಿನ ತಂತಿ, ಅದೇ ಗುಂಡು, ಮೇಲೆ ತಂತಿಯನ್ನು ಕಚ್ಚಿ ಹಿಡಿದ ಅದೇ ಎರಡು ಕಬ್ಬಿಣದ ಪಟ್ಟಿ, ಬಿಚ್ಚದೆ ಹಾಗೇ ಸುತ್ತಿ ತಗೊಂಡು ಹೋಗಿದ್ದೀರಿ. ಎರಡೂ ಕಡೆ ಐದೇ ಸೆಂಟಿಮೀಟರ್ ಎಳೆದಿದ್ದೀರಿ. ಆಗ ಗುಂಡಿನ ನಡುಬಿಂದು, ತೂಗಾಟದ ಅಗಲ, ಇವೆಲ್ಲ ಎರಡೂ ಕಡೆ ಒಂದೇ ತಪ್ಪು ಮಾಡುತ್ತವೆ, ಹೋಲಿಸಿದಾಗ ಕಳೆದುಹೋಗುತ್ತವೆ.

ಈಗ ಲೆಕ್ಕ. ಸರಾಸರಿ 1004.80 ಮತ್ತು 1004.23. ವ್ಯತ್ಯಾಸ 0.57 ಸೆಕೆಂಡ್, ಅಂದರೆ ಶೇಕಡಾ 0.057. 'ಜಿ' ಲೆಕ್ಕದಲ್ಲಿ ಅದರ ಎರಡರಷ್ಟು, 0.11. ಅಕ್ಷಾಂಶ ಮತ್ತು ಎತ್ತರ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಬರಬೇಕಾದ್ದು 0.12. ವಾಹ್ ಅಲ್ವಾ?

ಸ್ವಲ್ಪ ತಡೆಯಿರಿ. ಮೊದಲ ಊರಿನಲ್ಲಿ 27 ಡಿಗ್ರಿ ಬಿಸಿ, ಅಜ್ಜಿ ಊರಲ್ಲಿ 12 ಡಿಗ್ರಿ ಚಳಿ ಎಂದೂ ಬರೆದಿದ್ದೀರಿ. ಉಕ್ಕಿನ ತಂತಿ ಹದಿನೈದು ಡಿಗ್ರಿ ತಣ್ಣಗಾದರೆ ಶೇಕಡಾ 0.018ರಷ್ಟು ಕುಗ್ಗುತ್ತದೆ. ಕುಗ್ಗಿದ ಲೋಲಕ ಬೇಗ ತೂಗುತ್ತದೆ. 500 ತೂಗಾಟದಲ್ಲಿ ಅದರ ಪಾಲು 0.09 ಸೆಕೆಂಡ್. ರಿಶೇ ಮೇಲೆ ಹೊರಿಸಿದ್ದ ಅದೇ ಆಪಾದನೆ, ಮುನ್ನೂರೈವತ್ತು ವರ್ಷದ ನಂತರ ನಿಮ್ಮ ಮೇಲೆ! ಅದನ್ನು ಕಳೆದರೆ ಉಳಿಯುವುದು 0.48 ಸೆಕೆಂಡ್, ಅಂದರೆ 'ಜಿ'ಯಲ್ಲಿ ಶೇಕಡಾ 0.096. ಬರಬೇಕಾದ 0.12ಕ್ಕಿಂತ ಸ್ವಲ್ಪ ಕಮ್ಮಿ. ನಿಮ್ಮ ಮೂರು ಸಲದ ಅಳತೆಗಳೇ ಒಂದಕ್ಕೊಂದು 0.2, 0.3 ಸೆಕೆಂಡ್ ಬೇರೆ ಇವೆ, ಹಾಗಾಗಿ ಈ ಕೊರತೆಗೆ ಗಾಬರಿ ಬೇಡ. ಚಳಿ ಒಂದೇ ಕಾರಣವಾಗಿದ್ದರೆ ವ್ಯತ್ಯಾಸ 0.09 ಸೆಕೆಂಡ್ ಇರುತ್ತಿತ್ತು, ನಿಮಗೆ ಸಿಕ್ಕಿದ್ದು ಅದರ ಆರು ಪಟ್ಟು. ಉಳಿದದ್ದು ಭೂಮಿಯದೇ.

ಮುಂದಿನ ಸಲ ಅಜ್ಜಿ ಮನೆಗೆ ಹೋಗುವಾಗ ಮೂರು ಬದಲಾವಣೆ ಮಾಡಿ. ಎರಡೂ ಕಡೆ ತಾಪ ಒಂದೇ ಇರುವ ಹೊತ್ತು ಹುಡುಕಿ, ಬೇಸಿಗೆ ರಜೆಯ ಮುಂಜಾವು ಆಗಬಹುದು. ಲೋಲಕವನ್ನು ಕುರ್ಚಿಗೋ ಸ್ಟ್ಯಾಂಡಿಗೋ ಕಟ್ಟಬೇಡಿ, ಗೋಡೆಗೆ ಗಟ್ಟಿಯಾಗಿ ಬಿಗಿಯಿರಿ. ಆಧಾರವೇ ಅಲ್ಲಾಡಿದರೆ ತೂಗಾಟ ನಿಧಾನವಾಗುತ್ತದೆ. ಫ್ಯಾನು ಆರಿಸಿ. ಮತ್ತೆ ಐನೂರನ್ನೂ ಬಾಯಲ್ಲಿ ಎಣಿಸುವ ಕಷ್ಟ ಬೇಡ: ಮೊದಲು ನೂರು ಎಣಿಸಿ ಒಂದು ತೂಗಾಟದ ಕಾಲ ತಿಳಿದುಕೊಳ್ಳಿ, ಆಮೇಲೆ ಬಿಟ್ಟು ಬೇರೆ ಕೆಲಸ ನೋಡಿ, ಸಾವಿರ ಸೆಕೆಂಡ್ ಹತ್ತಿರ ಬಂದಾಗ ಕ್ಯಾಮೆರಾ ಎದುರು ಬನ್ನಿ. ಎಷ್ಟನೇ ತೂಗಾಟ ನಡೆಯುತ್ತಿದೆ ಎಂದು ಭಾಗಾಕಾರವೇ ಹೇಳುತ್ತದೆ, ಹಳೆಯ ಭೂಮಾಪಕರೂ ಹೀಗೇ ಎಣಿಕೆ ಉಳಿಸಿಕೊಳ್ಳುತ್ತಿದ್ದರು. ಜೊತೆಗೆ ಸಾಧ್ಯವಾದರೆ ಆ ಸಣ್ಣ ತಕ್ಕಡಿ ಮತ್ತು ಉಕ್ಕಿನ ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ತಕ್ಕಡಿ 200 ಗ್ರಾಂಗೆ 0.24 ಗ್ರಾಂ ಜಾಸ್ತಿ ತೋರಿಸಬೇಕು. ಎಷ್ಟು ತೋರಿಸಿತು ಎಂದು ಬರೆದು ಕಳಿಸಿ, ಕ್ಯಾಲಿಬ್ರೇಶನ್ ಗುಂಡಿ ಮುಟ್ಟಬೇಡಿ.